ಮೈಲ್ 104ರ ಗೇಜ್: ನಮ್ಮ ಕಡೆಯ ಎಂಜಿನಿಯರಿಂಗ್ ಕಾಲೇಜನ್ನು ತಾಳಿಕೆ ಬರುವಂತೆ ಕಟ್ಟುವುದು ಹೇಗೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ತುಂಬಿದ್ದ ಜಲಾಶಯದ ನೀರು ರೈತರ ಕಣ್ಣೆದುರೇ ಹೊಳೆಯ ಪಾಲಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ಬಂದು, ಸುತ್ತಲಿನ ಕಾರ್ಖಾನೆಗಳಲ್ಲಿ ಸ್ಟಾಪ್‌ಲಾಗ್ (ಗೇಟಿನ ಬದಲಿಗೆ ಕಿಂಡಿಗೆ ಇಳಿಸುವ ಉಕ್ಕಿನ ತಡೆ) ತುಂಡುಗಳನ್ನು ಮಾಡಿಸಿ, ಹರಿಯುವ ನೀರಿನಲ್ಲೇ ಒಂದೊಂದಾಗಿ ಇಳಿಸಿ ಒಂದು ವಾರದಲ್ಲಿ ಕಿಂಡಿ ಮುಚ್ಚಿಸಿದರು. ಆ ವಾರ ನನ್ನ ತರಗತಿಯಲ್ಲಿ ಯಾರಿಗೂ ಪಾಠ ಬೇಕಿರಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಬದಲಿ ಗೇಟು ಮೊದಲೇ ಯಾಕೆ ಮಾಡಿಟ್ಟಿರಲಿಲ್ಲ?" ಎಂದ. ಉತ್ತರ ಹೇಳುತ್ತಿರುವಾಗಲೇ ನನಗೆ ಮುಜುಗರವಾಯಿತು. ಅದೇ ತಿಂಗಳು ನಮ್ಮ ವಿಭಾಗದ ಇಬ್ಬರು ಅಧ್ಯಾಪಕರು ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದರು. ಎರಡು ವಿಷಯಗಳಿಗೆ ಪಾಠ ಮಾಡುವವರಿರಲಿಲ್ಲ, ಬದಲಿ ಯಾರೆಂದು ನಾವೂ ಯೋಚಿಸಿರಲಿಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಕಾಲೇಜುಗಳ ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು ಮತ್ತು 'ನನ್ನ ಕೈಯಲ್ಲೇನಿದೆ' ಎಂದುಕೊಂಡಿರುವ ಕಿರಿಯ ಅಧ್ಯಾಪಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸುಸ್ಥಿರತೆ ಎಂದರೆ ನಮ್ಮ ನೀರು, ನಮ್ಮ ದುಡ್ಡು, ನಮ್ಮ ಜನರಲ್ಲೇ ವರ್ಷ ವರ್ಷವೂ ನಡೆಯುವ ವ್ಯವಸ್ಥೆ. ತಾಳಿಕೆ ಎಂದರೆ ಪೆಟ್ಟು ಬಿದ್ದ ವಾರದಲ್ಲೂ ಪಾಠ ನಿಲ್ಲದಿರುವುದು. ಎರಡನ್ನೂ ಒಟ್ಟಿಗೇ ಕಟ್ಟಬೇಕು. ಹೆಜ್ಜೆಗಳನ್ನು ನಾನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ. ಒಂದೆರಡನ್ನು ತಪ್ಪಾದ ಕ್ರಮದಲ್ಲಿ ಮಾಡಿ ಪೆಟ್ಟು ತಿಂದದ್ದೂ ಉಂಟು.

ಮೊದಲ ಹೆಜ್ಜೆ: ಗೇಜ್ ಎಲ್ಲಿ ನೋಡಬೇಕೆಂದು ತೀರ್ಮಾನಿಸಿ

ತುಂಗಭದ್ರಾ ಎಡದಂಡೆ ನಾಲೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆಗೆ ಸುಮಾರು 227 ಕಿ.ಮೀ. ಹರಿಯುತ್ತದೆ. ಅಣೆಕಟ್ಟೆಯಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂದು ರಾಯಚೂರಿನ ರೈತ ಕೇಳುವುದಿಲ್ಲ. ನಾಲೆಯ ಮೈಲ್ 104ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಎಂದು ಕೇಳುತ್ತಾನೆ. ಅಲ್ಲಿ ಗೇಜ್ ಇಲ್ಲದಿದ್ದರೆ ಮೇಲೆ ಎಷ್ಟು ಬಿಟ್ಟರೂ ಕೊನೆ ಭಾಗದ ಗದ್ದೆ ಒಣಗುತ್ತದೆ.

ನಮ್ಮ ಕಾಲೇಜುಗಳು ಗೇಟಿನ ಮುಂದೆ ರ‍್ಯಾಂಕ್ ವಿದ್ಯಾರ್ಥಿಯ ಫೋಟೊ, ಅತಿ ದೊಡ್ಡ ಪ್ಯಾಕೇಜಿನ ಫ್ಲೆಕ್ಸ್ ಕಟ್ಟುತ್ತವೆ. ಅದು ಅಣೆಕಟ್ಟೆಯ ಮಟ್ಟ. ಕೊನೆ ಭಾಗದಲ್ಲಿ ಯಾರಿದ್ದಾರೆ ಎಂಬುದನ್ನು ಮೊದಲು ಹುಡುಕಬೇಕು. ಹಿಂದಿನ ಮೂರು ವರ್ಷಗಳ ಎರಡನೆಯಿಂದ ನಾಲ್ಕನೇ ಸೆಮಿಸ್ಟರ್‌ವರೆಗಿನ ಫಲಿತಾಂಶ ತೆಗೆಯಿರಿ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರುವವರ ಹೆಸರಿನ ಪಕ್ಕ ಮೂರು ಸಂಗತಿ ಬರೆಯಿರಿ: ಹತ್ತನೆಯ ತರಗತಿಯವರೆಗೆ ಓದಿದ ಮಾಧ್ಯಮ, ಊರಿನಿಂದ ಕಾಲೇಜಿಗೆ ಇರುವ ದೂರ, ಪಿಯುಸಿಯಿಂದ ಬಂದವರೋ ಡಿಪ್ಲೊಮಾದಿಂದ ನೇರ ಮೂರನೇ ಸೆಮಿಸ್ಟರ್‌ಗೆ ಬಂದವರೋ ಎಂಬುದು. ಅರ್ಧ ದಿನದ ಕೆಲಸ. ಪಟ್ಟಿ ತಾನೇ ಮಾತನಾಡುತ್ತದೆ.

ಆಮೇಲೆ ಆ ಪಟ್ಟಿಯಿಂದ ಐವರನ್ನು ಆರಿಸಿ, ಅವರ ಒಪ್ಪಿಗೆ ಪಡೆದು, ಅವರ ಒಂದು ದಿನವನ್ನು ಗಂಟೆ ಗಂಟೆಗೆ ಬರೆದುಕೊಳ್ಳಿ. ನನಗೆ ಸಿಕ್ಕ ಉದಾಹರಣೆ ಹೇಳುತ್ತೇನೆ. ಒಬ್ಬ ಹುಡುಗನಿಗೆ ಒಂದೇ ವಿಷಯದಲ್ಲಿ ಮತ್ತೆ ಮತ್ತೆ ಹಾಜರಿ ಕಡಿಮೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೇಳುವ ಶೇ 85ನ್ನು ಆತ ಮುಟ್ಟುತ್ತಲೇ ಇರಲಿಲ್ಲ. ಸೋಮಾರಿ ಎಂದು ಎಲ್ಲರೂ ಷರಾ ಬರೆದಿದ್ದೆವು. ಅವನ ಊರಿನ ಬಸ್ ಕಾಲೇಜಿನ ಸ್ಟಾಪಿಗೆ ಬರುವುದೇ 9.20ಕ್ಕೆ, ಆ ವಿಷಯದ ತರಗತಿ ವಾರದಲ್ಲಿ ಮೂರು ದಿನ 9ಕ್ಕೆ. ಅದೇ ಬಸ್ಸಿನಲ್ಲಿ ಇನ್ನೂ ಹನ್ನೊಂದು ಮಂದಿ ಬರುತ್ತಿದ್ದರು. ವೇಳಾಪಟ್ಟಿಯಲ್ಲಿ ಎರಡು ಮನೆ ಅದಲುಬದಲು ಮಾಡಿದೆವು, ಅಷ್ಟೇ.

ಎರಡನೆಯದು: ಪೆಟ್ಟುಗಳ ಪುಸ್ತಕ

ಒಂದು ನೋಟ್‌ಬುಕ್ ಸಾಕು. ನಮ್ಮ ಕಡೆ ಬಿದ್ದ, ಬೀಳಬಹುದಾದ ಪೆಟ್ಟುಗಳನ್ನು ಅದರಲ್ಲಿ ಬರೆಯಿರಿ. 2009ರ ಅಕ್ಟೋಬರ್ ಮೊದಲ ವಾರದ ಪ್ರವಾಹ, 2020ರ ಮಾರ್ಚ್‌ನಲ್ಲಿ ಕೊರೊನಾ ಹಾಕಿಸಿದ ಬೀಗ, ಏಪ್ರಿಲ್‌ನ ಬಿಸಿಲು, ಕರೆಂಟಿನ ಕಣ್ಣುಮುಚ್ಚಾಲೆ, ಕುಡಿಯುವ ನೀರು ನಿಲ್ಲುವುದು, ನಡು ಸೆಮಿಸ್ಟರ್‌ನಲ್ಲಿ ಅಧ್ಯಾಪಕರು ಬಿಟ್ಟುಹೋಗುವುದು, ಸಿವಿಲ್ ಮತ್ತು ಮೆಕ್ಯಾನಿಕಲ್‌ಗೆ ಪ್ರವೇಶ ಕುಸಿದು ಎಲ್ಲರೂ ಕಂಪ್ಯೂಟರ್ ಸೈನ್ಸ್‌ಗೆ ನುಗ್ಗುವುದು, ವಿದ್ಯಾರ್ಥಿವೇತನ ತಡವಾಗುವುದು. ಒಂದೊಂದಕ್ಕೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಬಂದರೆ ಮೊದಲು ಏನು ನಿಲ್ಲುತ್ತದೆ? ಅದಿಲ್ಲದೆ ಎಷ್ಟು ದಿನ ತಳ್ಳಬಹುದು? ನಮ್ಮ ಸ್ಟಾಪ್‌ಲಾಗ್ ಯಾವುದು, ಅದು ಈಗ ಯಾರ ಬಳಿ ಇದೆ?

ಮೂರನೆಯ ಪ್ರಶ್ನೆಗೆ 'ಸಮಿತಿ ರಚಿಸಲಾಗುವುದು' ಎಂಬ ಉತ್ತರವನ್ನು ಒಪ್ಪಬೇಡಿ. ಒಬ್ಬರ ಹೆಸರು ಮತ್ತು ಒಂದು ವಸ್ತು ಅಲ್ಲಿರಬೇಕು. ಸಭೆಗೆ ಗ್ರೂಪ್ ಡಿ ನೌಕರರನ್ನೂ ಲ್ಯಾಬ್ ಸಹಾಯಕರನ್ನೂ ಕರೆಯಿರಿ. ಜನರೇಟರ್ ಬ್ಯಾಟರಿ ಸತ್ತು ಎಷ್ಟು ತಿಂಗಳಾಯಿತು ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ.

ಮೂರನೆಯದು: ಚೈನ್ ಎಂದರೆ ಅಧ್ಯಾಪಕರು

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ನಾನು ಕಂಡಂತೆ ಕಟ್ಟಡ ಇದ್ದೂ, ಯಂತ್ರ ಇದ್ದೂ ಕಾಲೇಜು ಸೋರುವುದು ಇಲ್ಲಿಯೇ. ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರ ನೇಮಕ ತಡವಾಗುತ್ತದೆ. ಖಾಸಗಿ ಕಾಲೇಜಿನಲ್ಲಿ ಸಂಬಳ ಸಾಲದೆ ಯುವಕರು ಹೊರಟುಬಿಡುತ್ತಾರೆ. ಹೋಗುವವರನ್ನು ಬೈದು ಫಲವಿಲ್ಲ, ಅವರಿಗೂ ಸಂಸಾರವಿದೆ. ಹೋಗುವಾಗ ಅವರ ತಲೆಯಲ್ಲಿದ್ದ ಪಾಠವೂ ಅವರ ಜೊತೆ ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಪ್ರತಿ ವಿಷಯಕ್ಕೂ ಇಬ್ಬರನ್ನು ಗಂಟು ಹಾಕಿ. ಒಬ್ಬರು ಪಾಠ ಮಾಡುವವರು. ಇನ್ನೊಬ್ಬರು ಅದೇ ಸೆಮಿಸ್ಟರ್‌ನಲ್ಲಿ ಕನಿಷ್ಠ ನಾಲ್ಕು ತರಗತಿ ತೆಗೆದುಕೊಂಡು, ಒಂದು ಆಂತರಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಬರೆಯುವವರು. ಮುಂದಿನ ವರ್ಷ ಪಾತ್ರ ಬದಲಿಸಿ. ಕೆಲಸ ಹೆಚ್ಚಾಯಿತು ಎಂದು ಮೊದಲ ವರ್ಷ ನನ್ನ ಸಹೋದ್ಯೋಗಿಗಳು ಗೊಣಗಿದರು. ಮಗಳ ಹೆರಿಗೆಗೆಂದು ಒಬ್ಬರು ಮೂರು ವಾರ ರಜೆ ಹಾಕಿದಾಗ ಒಂದು ತರಗತಿಯೂ ತಪ್ಪಲಿಲ್ಲ, ಅಂದಿನಿಂದ ಗೊಣಗಾಟ ನಿಂತಿತು.

ಕೋರ್ಸ್ ಫೈಲ್ ಎಂಬುದು ಮಾನ್ಯತೆ ಕೊಡುವ ಎನ್‌ಬಿಎ ತಂಡ ಬರುವ ಹಿಂದಿನ ರಾತ್ರಿ ತುಂಬುವ ಕಡತವಾಗಿಬಿಟ್ಟಿದೆ. ಅದರ ಮುಂದೆ ನಾಲ್ಕು ಪುಟದ ಒಂದು ಕೈಬರಹ ಸೇರಿಸಿ: ಯಾವ ಅಧ್ಯಾಯದಲ್ಲಿ ಮಕ್ಕಳು ಎಡವುತ್ತಾರೆ, ಯಾವ ಉದಾಹರಣೆ ಕೆಲಸ ಮಾಡಿತು, ಯಾವ ಪ್ರಯೋಗದ ಯಾವ ಯಂತ್ರ ಹಟ ಮಾಡುತ್ತದೆ, ಅದನ್ನು ಹೇಗೆ ಒಲಿಸಬೇಕು. ನಮ್ಮ ಲ್ಯಾಬಿನ ಒಂದು ಪಂಪು ಶುರುವಾಗಬೇಕಾದರೆ ಮೊದಲು ಒಂದು ಬಕೆಟ್ ನೀರು ಸುರಿಯಬೇಕು. ಅದು ಯಾವ ಕೈಪಿಡಿಯಲ್ಲೂ ಇಲ್ಲ, ನಿವೃತ್ತರಾದ ಲ್ಯಾಬ್ ಸಹಾಯಕರ ನೆನಪಿನಲ್ಲಿತ್ತು. ಅವರನ್ನು ಫೋನ್ ಮಾಡಿ ಕೇಳುವವರೆಗೆ ಎರಡು ಬ್ಯಾಚ್ ಆ ಪ್ರಯೋಗವನ್ನು ಮಾಡದೆಯೇ 'ರೀಡಿಂಗ್' ಬರೆದಿತ್ತು.

ನಾಲ್ಕನೆಯದು: ಪಠ್ಯಕ್ರಮದಲ್ಲಿ ಇರುವ ಸಂದುಗಳನ್ನು ಹುಡುಕಿ

ಸ್ವಾಯತ್ತ ಕಾಲೇಜಾದರೆ ಪಠ್ಯಕ್ರಮ ನಿಮ್ಮದೇ. ಸಂಯೋಜಿತ ಕಾಲೇಜಾದರೆ ವಿಟಿಯು ಕೊಟ್ಟದ್ದನ್ನು ಬದಲಿಸಲಾಗದು. ಆದರೆ ಒಳಗೆ ಸಂದುಗಳು ಬೇಕಾದಷ್ಟಿವೆ. ಮಿನಿ ಪ್ರಾಜೆಕ್ಟ್, ಅಂತಿಮ ವರ್ಷದ ಪ್ರಾಜೆಕ್ಟ್, ಮುಕ್ತ ಐಚ್ಛಿಕ ವಿಷಯ, ಇಂಟರ್ನ್‌ಷಿಪ್, ಪ್ರತಿ ಲ್ಯಾಬಿನ ಹೆಚ್ಚುವರಿ ಪ್ರಯೋಗ. ಇವಲ್ಲದೆ ಮೊದಲ ವರ್ಷಕ್ಕೆ ಸೇರಿದವರು 100, ಲ್ಯಾಟರಲ್ ಎಂಟ್ರಿಯವರು (ಡಿಪ್ಲೊಮಾದಿಂದ ನೇರ ಬಂದವರು) 75 ಎಐಸಿಟಿಇ (ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ) ಚಟುವಟಿಕೆ ಅಂಕ ಗಳಿಸಲೇಬೇಕು. ಆ ಅಂಕಗಳನ್ನು ಗಿಡ ನೆಟ್ಟ ಫೋಟೊಗೆ ಕೊಟ್ಟು ಕೈತೊಳೆದುಕೊಳ್ಳುವುದು ನನಗೆ ಸಿಟ್ಟು ತರಿಸುವ ವಿಚಾರ. ಅದೇ ಗಿಡದ ಫೋಟೊ ಮೂರು ಬ್ಯಾಚಿನ ಕಡತದಲ್ಲಿರುತ್ತದೆ.

ಸಂದುಗಳನ್ನು ಒಂದಕ್ಕೊಂದು ಪೋಣಿಸಿ. ಒಂದು ಸ್ಥಳೀಯ ಸಮಸ್ಯೆಯನ್ನು ಆರಿಸಿ, ಮೂರು ವರ್ಷ ಅದನ್ನೇ ಹಿಡಿದುಕೊಳ್ಳಿ. ನಾಲೆಯನ್ನೇ ತೆಗೆದುಕೊಳ್ಳೋಣ. ಸಿವಿಲ್ ವಿದ್ಯಾರ್ಥಿಗಳು ಸರ್ವೆ ಲ್ಯಾಬಿನ ಲೆವೆಲಿಂಗ್ ಅನ್ನು ಕಾಲೇಜಿನ ಮೈದಾನದಲ್ಲಿ ಮಾಡುವ ಬದಲು ಹತ್ತಿರದ ಉಪಕಾಲುವೆಯ ಒಂದು ಕಿಲೋಮೀಟರಿನ ಮೇಲೆ ಮಾಡಲಿ. ಮುಂದಿನ ಸೆಮಿಸ್ಟರ್‌ನಲ್ಲಿ ಲ್ಯಾಬಿನ ವಿ-ನಾಚ್‌ನಲ್ಲಿ (ಹರಿವು ಅಳೆಯುವ ವಿ ಆಕಾರದ ಕಿಂಡಿ) ಕಲಿತ ಹರಿವಿನ ಲೆಕ್ಕವನ್ನು ಕಾಲುವೆಗೆ ಒಯ್ಯಲಿ. ಒಂದು ತೇಲುವ ಚೆಂಡು, ಅಳತೆಯ ಟೇಪು, ಮೊಬೈಲಿನ ಸ್ಟಾಪ್‌ವಾಚ್ ಸಾಕು. ಚೆಂಡಿನ ವೇಗವನ್ನು ಸುಮಾರು 0.85ರಿಂದ ಗುಣಿಸಿದರೆ ಸರಾಸರಿ ವೇಗ, ಅದನ್ನು ಕಾಲುವೆಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದರೆ ಹರಿವು. ಎರಡು ಕಡೆ ಅಳೆದು ಕಳೆದರೆ, ನಡುವಿನ ತೂಬುಗಳಿಗೆ ಹೋದದ್ದನ್ನು ಬಿಟ್ಟು, ಸೋರಿದ್ದೆಷ್ಟು ಎಂಬ ಅಂದಾಜು ಸಿಗುತ್ತದೆ. ಎಲೆಕ್ಟ್ರಾನಿಕ್ಸ್‌ನವರು ನೀರಿನ ಮಟ್ಟ ತೋರಿಸುವ ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಲಿ, ಕಂಪ್ಯೂಟರ್‌ನವರು ಆ ಅಂಕಿಗಳನ್ನು ರೈತರ ಮೊಬೈಲಿಗೆ ಕನ್ನಡದಲ್ಲಿ ತಲುಪಿಸಲಿ. ನೀರಾವರಿ ಇಲಾಖೆಯ ಅನುಮತಿ ಪತ್ರ ಮೊದಲೇ ಪಡೆಯಿರಿ. ಕಾಲುವೆಯ ಗ್ಯಾಂಗ್‌ಮನ್ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಈಜು ಬಾರದವರನ್ನು ದಂಡೆಯಿಂದ ಕೆಳಗೆ ಇಳಿಸಬೇಡಿ.

ಇಂಥ ಎಳೆಗಳಿಗೆ ನಮ್ಮಲ್ಲಿ ಬರವಿಲ್ಲ. ಶಕ್ತಿನಗರ ಮತ್ತು ಕುಡತಿನಿಯ ಶಾಖೋತ್ಪನ್ನ ಕೇಂದ್ರಗಳ ಹಾರುಬೂದಿ, ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಸ್ಲ್ಯಾಗ್ (ಕಿಟ್ಟ), ಗಂಗಾವತಿ ಮತ್ತು ಸಿಂಧನೂರಿನ ರೈಸ್‌ಮಿಲ್‌ಗಳ ಹೊಟ್ಟಿನ ಬೂದಿ ಒಂದು ಕಡೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣು ಇನ್ನೊಂದು ಕಡೆ. ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಮಣ್ಣಿನ ಭಾರ ಹೊರುವ ಶಕ್ತಿ ಅಳೆಯುವ ಸಿಬಿಆರ್ ಪರೀಕ್ಷೆ ಮಾಡಿದರೆ ಹಳ್ಳಿ ರಸ್ತೆಗೆ ಉಪಯೋಗವಾಗುವ ಜ್ಞಾನ. ಕೊಪ್ಪಳ, ರಾಯಚೂರಿನ ಹಲವು ಹಳ್ಳಿಗಳ ಕೊಳವೆಬಾವಿಯಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಮೊದಲ ವರ್ಷದ ರಸಾಯನಶಾಸ್ತ್ರ ಲ್ಯಾಬಿಗೆ ಪ್ರತಿ ವಿದ್ಯಾರ್ಥಿ ತನ್ನ ಊರಿನ ಒಂದು ಬಾಟಲಿ ನೀರು ತಂದರೆ ಕೆಲವೇ ವರ್ಷಗಳಲ್ಲಿ ತಾಲ್ಲೂಕಿನ ನಕ್ಷೆಯೇ ಸಿದ್ಧವಾಗುತ್ತದೆ. ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳ ಬಣ್ಣದ ನೀರು ಮತ್ತೊಂದು ಎಳೆ. ಆದರೆ ಅಲ್ಲಿಗೆ ಹೋಗುವಾಗ ತಪಾಸಣೆ ಮಾಡಲು ಬಂದ ಅಧಿಕಾರಿಗಳಂತೆ ಹೋಗಬೇಡಿ. ಮಾಲೀಕರು ಗೇಟು ತೆರೆಯುವುದಿಲ್ಲ.

ಒಂದು ಕಟ್ಟುನಿಟ್ಟು ಮಾತ್ರ ಬೇಕು: ಹೊಸ ಬ್ಯಾಚಿನ ಪ್ರಾಜೆಕ್ಟ್ ವರದಿಯ ಮೊದಲ ಪುಟದಲ್ಲಿ ಹಿಂದಿನ ಬ್ಯಾಚ್ ಎಲ್ಲಿ ನಿಲ್ಲಿಸಿತ್ತು, ಏನು ಕೆಟ್ಟಿತ್ತು ಎಂಬುದಿರಬೇಕು. ಇಲ್ಲದಿದ್ದರೆ ಪ್ರತಿ ವರ್ಷವೂ ಸೊನ್ನೆಯಿಂದ ಶುರುವಾಗಿ ನೆಲದ ಗೆರೆ ಹಿಡಿದು ಓಡುವ ಅದೇ ಲೈನ್ ಫಾಲೋವರ್ ರೋಬೊ ಹುಟ್ಟುತ್ತದೆ.

ಐದನೆಯದು: ಭಾಷೆಯ ತೂಬು

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದವರು ಮೊದಲ ಸೆಮಿಸ್ಟರ್‌ನಲ್ಲಿ ಮುಗ್ಗರಿಸುವುದು ಗಣಿತದಿಂದ ಎಂದು ಬಹಳ ವರ್ಷ ನಂಬಿದ್ದೆ. ಒಮ್ಮೆ ಅದೇ ಲೆಕ್ಕವನ್ನು ಕನ್ನಡದಲ್ಲಿ ಬರೆದುಕೊಟ್ಟೆ. ತರಗತಿಯ ಅರ್ಧದಷ್ಟು ಮಂದಿ ಬಿಡಿಸಿಬಿಟ್ಟರು. ಪ್ರಶ್ನೆಯ ವಾಕ್ಯವೇ ತೂಬಿಗೆ ಅಡ್ಡ ಬಿದ್ದ ಕಲ್ಲಾಗಿತ್ತು.

ಹಾಗೆಂದು ಎಲ್ಲ ಪದಗಳನ್ನೂ ಅನುವಾದ ಮಾಡಲು ಹೊರಡಬೇಡಿ. ಸ್ಟ್ರೆಸ್‌ಗೂ ಪ್ರೆಷರ್‌ಗೂ ಒತ್ತಡ ಎಂದೇ ಹೇಳಿ ನಾನು ಒಂದು ಇಡೀ ತರಗತಿಯನ್ನು ಗೊಂದಲಕ್ಕೆ ಕೆಡವಿದ್ದೇನೆ. ಪರೀಕ್ಷೆಯಲ್ಲಿ ಬರುವ ಪದವನ್ನು ಹಾಗೆಯೇ ಇಟ್ಟು, ವಿವರಣೆಯನ್ನು ಕನ್ನಡದಲ್ಲಿ ಕೊಡಿ. ಟಾರ್ಕ್ ಎಂದರೇನು? ಕೆಸರು ಗದ್ದೆಯಲ್ಲಿ ಕಬ್ಬಿಣದ ಗಾಲಿ ಹಾಕಿದ ಟ್ರ್ಯಾಕ್ಟರನ್ನು ಯಾಕೆ ಕೆಳಗಿನ ಗೇರಿನಲ್ಲಿ ಓಡಿಸುತ್ತಾರೆ ಎಂದು ಕೇಳಿ. ಸಿಂಧನೂರು ಕಡೆಯ ಯಾವ ಹುಡುಗನಿಗೂ ಅದನ್ನು ಬಿಡಿಸಿ ಹೇಳಬೇಕಿಲ್ಲ, ಅವನೇ ನಿಮಗೆ ಹೇಳುತ್ತಾನೆ. ಮೊದಲ ಆರು ವಾರ, ವಾರಕ್ಕೆ ಎರಡು ಗಂಟೆ 'ಪ್ರಶ್ನೆ ಓದುವ ತರಗತಿ' ನಡೆಸಿ. ಉತ್ತರ ಬಿಡಿಸುವುದು ಬೇಡ. ಇಂಗ್ಲಿಷ್ ಪ್ರಶ್ನೆಯಲ್ಲಿ ಕೊಟ್ಟದ್ದೇನು, ಕೇಳಿದ್ದೇನು ಎಂದು ಕನ್ನಡದಲ್ಲಿ ಹೇಳಿಸಿದರೆ ಸಾಕು. ಎಐಸಿಟಿಇ ಹೊರತಂದ ಕನ್ನಡ ಪಠ್ಯಪುಸ್ತಕಗಳನ್ನು ಗ್ರಂಥಾಲಯದ ಕಪಾಟಿನಿಂದ ಈಚೆ ತಂದು ತರಗತಿಯಲ್ಲೇ ಇಡಿ.

ಡಿಪ್ಲೊಮಾದಿಂದ ಬಂದವರ ಕಥೆ ಬೇರೆ. ಅವರ ಕೈ ಚುರುಕು, ಕಲನಶಾಸ್ತ್ರದಲ್ಲಿ ಹಿಂದೆ. ಪಿಯುಸಿಯಿಂದ ಬಂದವರದು ಉಲ್ಟಾ. ಲ್ಯಾಬ್ ಬ್ಯಾಚ್ ಮಾಡುವಾಗ ಇಬ್ಬರನ್ನೂ ಬೆರೆಸಿದರೆ ಕೊಡುಕೊಳ್ಳುವಿಕೆ ತಾನಾಗಿ ನಡೆಯುತ್ತದೆ. ರೋಲ್ ನಂಬರ್ ಪ್ರಕಾರ ಮಾಡಿದರೆ ಡಿಪ್ಲೊಮಾದವರೆಲ್ಲ ಕೊನೆಯ ಬ್ಯಾಚಿಗೆ ಬೀಳುತ್ತಾರೆ.

ಆರನೆಯದು: ನೀರು, ಕರೆಂಟು, ಬಿಸಿಲು

ಲೆಕ್ಕ ಸರಳ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. ನಮ್ಮ ಕಡೆ ವರ್ಷಕ್ಕೆ ಸುಮಾರು 600 ಮಿ.ಮೀ. ಎಂದಿಟ್ಟುಕೊಳ್ಳಿ. 2000 ಚದರ ಮೀಟರ್ ಚಾವಣಿಯಲ್ಲಿ ಶೇ 80 ಹಿಡಿದರೂ 9.6 ಲಕ್ಷ ಲೀಟರ್ ಸಿಗುತ್ತದೆ. ಇದನ್ನು ವಿದ್ಯಾರ್ಥಿಗಳಿಂದಲೇ ವಿನ್ಯಾಸ ಮಾಡಿಸಿ, ಅವರಿಂದಲೇ ಪ್ರತಿ ಮೇ ತಿಂಗಳು ಫಿಲ್ಟರ್ ತೊಳೆಸಿ.

ಸೌರ ಫಲಕದ ವಿಷಯದಲ್ಲಿ ಬಹಳ ಕಾಲೇಜುಗಳು ಒಂದೇ ಹೊಂಡಕ್ಕೆ ಬೀಳುತ್ತವೆ. ಒಂದು ಕಿಲೋವಾಟ್‌ಗೆ ಸುಮಾರು 10 ಚದರ ಮೀಟರ್ ನೆರಳಿಲ್ಲದ ಜಾಗ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. ಬಿಲ್ ಇಳಿಯುತ್ತದೆ, ನಿಜ. ಆದರೆ ಬ್ಯಾಟರಿ ಇಲ್ಲದೆ ಗ್ರಿಡ್‌ಗೆ ಜೋಡಿಸಿದ ವ್ಯವಸ್ಥೆ ಜೆಸ್ಕಾಂ (ನಮ್ಮ ಭಾಗದ ವಿದ್ಯುತ್ ಕಂಪನಿ) ಕರೆಂಟು ಹೋದ ಕ್ಷಣ ತಾನೂ ಆರಿಹೋಗುತ್ತದೆ. ಲೈನ್‌ಮನ್‌ಗೆ ಶಾಕ್ ಹೊಡೆಯದಿರಲಿ ಎಂದೇ ಹಾಗೆ ಮಾಡಿರುತ್ತಾರೆ. ಚಾವಣಿಯ ಮೇಲೆ ಸೂರ್ಯ ಉರಿಯುತ್ತಿರುತ್ತಾನೆ, ಕೆಳಗೆ ಲ್ಯಾಬ್ ಕತ್ತಲು. ಸರ್ವರ್, ಒಂದು ಕಂಪ್ಯೂಟರ್ ಲ್ಯಾಬ್ ಮತ್ತು ಕುಡಿಯುವ ನೀರಿನ ಪಂಪಿಗಾದರೂ, ಕರೆಂಟು ಹೋದಾಗಲೂ ನಡೆಯುವ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಹಾಕಿಸಿ. ಟೆಂಡರ್ ಬರೆಯುವ ಮೊದಲೇ ಇದನ್ನು ತೀರ್ಮಾನಿಸಿ. ನಾವು ಆಮೇಲೆ ತೀರ್ಮಾನಿಸಿದೆವು, ಎರಡು ಸಲ ದುಡ್ಡು ಹೋಯಿತು.

ಬಿಸಿಲಿಗೆ ಮದ್ದು ಹಳೆಯದೇ: ಚಾವಣಿಗೆ ಸುಣ್ಣ, ಪಶ್ಚಿಮದ ಕಿಟಕಿಗೆ ನೆರಳು. ಏಪ್ರಿಲ್–ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ರೂಢಿಯಿದೆ. ವರ್ಕ್‌ಶಾಪ್ ಮತ್ತು ಫೌಂಡ್ರಿಯನ್ನು ಮಧ್ಯಾಹ್ನ 3ಕ್ಕೆ ಇಡುವ ವೇಳಾಪಟ್ಟಿ ಯಾರ ಬುದ್ಧಿಯೋ!

ಏಳನೆಯದು: ಕಾರ್ಖಾನೆಯ ಜೊತೆ ಇರಿ, ಅದರ ನೆರಳಿನಲ್ಲಿ ಬೇಡ

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಸಾಲುಗಟ್ಟಿ ನಿಂತ ಲಾರಿಗಳನ್ನು ಕಂಡವರು ನಾವು. ಅದಿರನ್ನೇ ನಂಬಿದ್ದ ವರ್ಕ್‌ಶಾಪ್‌ಗಳು ಸೊರಗಿದವು, ಅಲ್ಲಿ ಕೆಲಸ ಸಿಗುತ್ತದೆಂದು ನಂಬಿದ್ದ ಹುಡುಗರು ಊರು ಬಿಟ್ಟರು. ಆದ್ದರಿಂದ ಒಂದೇ ಕಂಪನಿಗೆ ಹೇಳಿ ಮಾಡಿಸಿದಂಥ ಐಚ್ಛಿಕ ವಿಷಯ ಇಡಬೇಡಿ. ಉಕ್ಕಿನ ಕಾರ್ಖಾನೆಯಲ್ಲೂ ರೈಸ್‌ಮಿಲ್‌ನಲ್ಲೂ ಪವನ ಯಂತ್ರದಲ್ಲೂ ಬೇಕಾಗುವ ಬೇರಿಂಗ್, ಕಂಪನ, ಮೋಟಾರು ನಿರ್ವಹಣೆಯಂಥದ್ದನ್ನು ಇಡಿ. ಇಂಟರ್ನ್‌ಷಿಪ್‌ಗೆ ದೊಡ್ಡ ಕಾರ್ಖಾನೆಯ ಗೇಟ್ ಪಾಸ್ ಸಿಗದವರನ್ನು ಊರಿನ ಲೇತ್ ಅಂಗಡಿಗೆ, ರೈಸ್‌ಮಿಲ್ಲಿಗೆ, ಹೊಲಿಗೆ ಯಂತ್ರ ರಿಪೇರಿ ಮಾಡುವವರ ಬಳಿಗೆ ಕಳಿಸಿ. ನಮ್ಮಲ್ಲಿಗೆ ಮೋಟಾರು ರಿವೈಂಡಿಂಗ್ ಮಾಡುವ ಒಬ್ಬರನ್ನು ತಿಂಗಳಿಗೊಮ್ಮೆ ಗೌರವಧನ ಕೊಟ್ಟು ಕರೆಸಿದೆವು. ಸುಟ್ಟ ಕಾಯಿಲ್‌ನ ವಾಸನೆ ನೋಡಿಯೇ ಯಾಕೆ ಸುಟ್ಟಿತೆಂದು ಹೇಳುತ್ತಿದ್ದರು. ಪ್ರಾಧ್ಯಾಪಕರೂ ಟಿಪ್ಪಣಿ ಮಾಡಿಕೊಂಡರು.

ದುಡ್ಡಿನ ಬಗ್ಗೆ ಎರಡೇ ಮಾತು. ಅನುದಾನ ಬಂದಾಗ ಯಂತ್ರ ಕೊಳ್ಳುವುದು ಸುಲಭ, ಕಷ್ಟವಿರುವುದು ಅದರ ನಾಲ್ಕನೇ ವರ್ಷದಲ್ಲಿ. ಬೆಲೆಯ ಹತ್ತರಲ್ಲೊಂದು ಭಾಗವನ್ನು ಪ್ರತಿ ವರ್ಷ ನಿರ್ವಹಣೆಗೆ ಎತ್ತಿಡಲಾಗದಿದ್ದರೆ ಆ ಯಂತ್ರ ಕೊಳ್ಳಬೇಡಿ ಎಂಬುದು ನನ್ನ ಲೆಕ್ಕ. ವಿದ್ಯಾರ್ಥಿವೇತನ ತಡವಾದಾಗ ಪರೀಕ್ಷಾ ಶುಲ್ಕಕ್ಕೆ ಪರದಾಡುವ ಮಕ್ಕಳಿಗಾಗಿ ಹಳೆಯ ವಿದ್ಯಾರ್ಥಿಗಳ ಸಣ್ಣ ಕೈಗಡ ನಿಧಿ ಮಾಡಿ. ಬಂದ ಮೇಲೆ ವಾಪಸ್ ಕೊಡಲಿ, ಬಡ್ಡಿ ಬೇಡ, ಅರ್ಜಿ ನಮೂನೆಯೂ ಬೇಡ.

ಎಂಟನೆಯದು: ಅಣಕು ದಿನ

ಸೆಮಿಸ್ಟರ್‌ಗೆ ಒಂದು ದಿನ, ಯಾರಿಗೂ ಮೊದಲೇ ಹೇಳದೆ, ಬೆಳಿಗ್ಗೆ 10ಕ್ಕೆ ಮೇನ್ ಸ್ವಿಚ್ ಮತ್ತು ಇಂಟರ್ನೆಟ್ ಎರಡನ್ನೂ ಆರಿಸಿ. ಪರೀಕ್ಷೆ ಇರುವ ದಿನ, ಯಂತ್ರದ ಲ್ಯಾಬ್ ನಡೆಯುವ ಹೊತ್ತು ಬೇಡ. ಜೊತೆಗೆ ಪ್ರತಿ ವಿಭಾಗದ ಒಬ್ಬ ಅಧ್ಯಾಪಕರನ್ನು 'ಇಂದು ಕೆಲಸ ಬಿಟ್ಟವರು' ಎಂದು ಚೀಟಿ ಎತ್ತಿ ಆರಿಸಿ, ಕ್ಯಾಂಟೀನಿನಲ್ಲಿ ಕೂರಿಸಿ. ಯಾವ ತರಗತಿ ನಡೆಯಿತು, ಯಾವುದು ನಿಂತಿತು, ನೀರು ಎಷ್ಟು ಗಂಟೆಯವರೆಗೆ ಬಂತು ಎಂದು ಇಬ್ಬರು ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಸಂಜೆ ಪೆಟ್ಟುಗಳ ಪುಸ್ತಕ ತೆರೆದು ಹೋಲಿಸಿ.

ನಮ್ಮ ಮೊದಲ ಅಣಕು ದಿನ ಹನ್ನೊಂದೂಕಾಲಿಗೇ ಮುಗಿಯಿತು. ಜನರೇಟರ್ ಶುರುವಾಯಿತು, ಡೀಸೆಲ್ ಇರಲಿಲ್ಲ. ಡೀಸೆಲ್‌ಗೆ ಸಹಿ ಹಾಕಬೇಕಾದವರು ರಜೆಯ ಮೇಲಿದ್ದರು. ಎರಡನೆಯದು ಮಧ್ಯಾಹ್ನದ ಊಟದವರೆಗೆ ಎಳೆಯಿತು. ಮೂರನೆಯ ಸಲ ಸಂಜೆ ನಾಲ್ಕಾದರೂ ಹದಿನಾಲ್ಕು ತರಗತಿಗಳಲ್ಲಿ ಹನ್ನೆರಡು ನಡೆದಿದ್ದವು. ನಿಂತ ಎರಡರಲ್ಲಿ ಒಂದು ನನ್ನದು. ನನ್ನ ಜೋಡಿ ಅಧ್ಯಾಪಕಿ ಚೀಟಿಯಲ್ಲಿ ಸಿಕ್ಕು ಕ್ಯಾಂಟೀನಿನಲ್ಲಿದ್ದರು, ನಾನು ಪ್ರಾಂಶುಪಾಲರ ಕೋಣೆಯಲ್ಲಿ ಕುಳಿತು ತಾಳಿಕೆಯ ಬಗ್ಗೆ ಭಾಷಣ ಮಾಡುತ್ತಿದ್ದೆ. ಗೇಜ್ ಬರೆಯುತ್ತಿದ್ದ ಹುಡುಗಿ ಅದನ್ನೂ ಬರೆದುಕೊಂಡಳು.